ಅಕ್ಕ ಕೆಳಗಿಳಿದ ಚಾತುರ್ಮಾಸ

ಲಿಫ್ಟಿನ ಸರ್ವಿಸಿಂಗಿಗೆಂದು ಮುಧೋಳದ ಅಲ್ತಾಫ ಮೊನ್ನೆ ಬಂದಿದ್ದ. ಪಕ್ಕದ ಸ್ಟೀಲ್ ಪ್ಯಾನೆಲ್ ಬಿಚ್ಚಿ ಒಳಗಿನ ಉದ್ದನೆಯ ಸ್ಕ್ರೂಗೆ ಗ್ರೀಸ್ ಹಚ್ಚತೊಡಗಿದ ಕೂಡಲೇ ಪಡಸಾಲೆಯ ತುಂಬ ಅದರ ವಾಸನೆ ಹರಡಿತು. ಓದುತ್ತಿದ್ದ ಪೇಪರನ್ನು ಮಡಚಿಟ್ಟೆ. ಆ ವಾಸನೆಯ ಹಿಂದೆಯೇ ಕಾಯಿಸಿದ ತುಪ್ಪದ ವಾಸನೆಯೂ ಬಂತು. ಒಲೆ ಆಗಲೇ ಆರಿತ್ತು, ತುಪ್ಪ ಕಾಯಿಸುವವರು ಯಾರೂ ಇರಲಿಲ್ಲ, ಅದು ನನಗೂ ಗೊತ್ತು. ಆದರೆ ಒಂದು ಮಳೆಗಾಲವಿಡೀ ನಮ್ಮ ಮನೆಯಲ್ಲಿ ಈ ಎರಡು ವಾಸನೆಗಳು ಒಟ್ಟಿಗೇ ಇದ್ದವು. ಮೂಗು ಮರೆತಿಲ್ಲ.

ಆ ವರ್ಷ ನಮ್ಮ ತೇರದಾಳದ ಬಸದಿಯಲ್ಲಿ ಒಬ್ಬ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಂತರು. ಮಳೆಗಾಲದಲ್ಲಿ ನೆಲದ ತುಂಬ ಸಣ್ಣ ಜೀವಗಳು ಹುಟ್ಟಿರುತ್ತವೆ, ನಡೆದರೆ ಕಾಲಡಿ ಸಾಯುತ್ತವೆ ಎಂದು ದಿಗಂಬರ ಮುನಿಗಳು ಆ ನಾಲ್ಕು ತಿಂಗಳು ಊರೂರು ಸಂಚರಿಸುವುದಿಲ್ಲ. ಒಂದೇ ಊರಿನಲ್ಲಿ ಉಳಿಯುತ್ತಾರೆ. ದಿನಕ್ಕೊಂದೇ ಸಲ ಆಹಾರ. ಅದೂ ನಿಂತುಕೊಂಡೇ, ಬೊಗಸೆಯಲ್ಲಿ. ಬೆಳಿಗ್ಗೆ ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೊಂದು ಗುರುತು ಹಿಡಿದಿರುತ್ತಾರೆ, ಯಾರಿಗೂ ಹೇಳುವುದಿಲ್ಲ. ಬಾಗಿಲಲ್ಲಿ ಕಲಶ ಹಿಡಿದು ನಿಂತವರ ನಡುವೆ ಆ ಗುರುತು ಎಲ್ಲಿ ಕಾಣುತ್ತದೋ ಆ ಮನೆಗೆ ಹೋಗುತ್ತಾರೆ. ಎಲ್ಲೂ ಕಾಣದಿದ್ದರೆ ಹಾಗೆಯೇ ಬಸದಿಗೆ ಮರಳಿ ಅವತ್ತು ಉಪವಾಸ.

ನನ್ನ ನೆಗೆಣ್ಣಿ ಪದ್ಮಕ್ಕ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಊರಿಗೆ ಯಾವ ಮುನಿ ಬಂದರೂ ಬಾಗಿಲಲ್ಲಿ ನಿಂತವರು. ನಾನು ಅವರನ್ನು ಅಕ್ಕಾ ಅಂತಲೇ ಕರೆದೆ, ಐವತ್ತು ವರ್ಷ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಬಂದ ನನಗೆ ಮಡಿ ಅಡುಗೆಯ ಒಂದೊಂದೇ ಸ್ಟೆಪ್ ಹೇಳಿಕೊಟ್ಟವರು ಅವರು. ನೀರು ಸೋಸುವ ಬಟ್ಟೆಯನ್ನು ಹಿಂಡಬಾರದು, ಅದರಲ್ಲಿ ಉಳಿದ ಜೀವಗಳನ್ನು ಬಾವಿಗೇ ಮರಳಿ ಬಿಡಬೇಕು ಎಂದು ನನ್ನ ಕೈ ಹಿಡಿದು ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ನನ್ನ ಕೈ ಅಷ್ಟು ಕ್ಲಮ್ಸಿ ಎಂದು ನನಗೆ ಗೊತ್ತಾದದ್ದೂ ಅವತ್ತೇ.

ಮಹಾರಾಜರು ಬರುವ ಹಿಂದಿನ ಚಳಿಗಾಲದಲ್ಲಿ ಅಕ್ಕ ಮೆಟ್ಟಿಲಿನಿಂದ ಬಿದ್ದರು. ನಮ್ಮದು ಹಳೆಯ ಮನೆ. ಕೆಳಗೆ ಅರಿಷಿಣದ ಅಡತಿ ಅಂಗಡಿ, ಪಡಸಾಲೆ, ಹಿಂದೆ ಬಾವಿ, ಬಾವಿಯ ಪಕ್ಕ ಮಡಿ ಅಡುಗೆಮನೆ. ವಾಸವೆಲ್ಲ ಮಾಳಿಗೆಯ ಮೇಲೆ. ನಡುವೆ ಏಣಿಯಷ್ಟೇ ಕಡಿದಾದ ಮರದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಹಗ್ಗ. ಟೊಂಕದ ಎಲುಬಿಗೆ ಜಮಖಂಡಿಯಲ್ಲಿ ಆಪರೇಶನ್ ಆಯಿತು. ವಾಕರ್ ಹಿಡಿದು ಹತ್ತು ಹೆಜ್ಜೆ ನಡೆಯಬಲ್ಲವರಾದರು. ಮೆಟ್ಟಿಲು ಮಾತ್ರ ಈ ಜನ್ಮಕ್ಕೆ ಬೇಡ ಎಂದರು ಡಾಕ್ಟರು. ಕಮೋಡ್ ಇದ್ದ ಬಾತ್‌ರೂಮು ಮೇಲೆಯೇ ಇದ್ದುದರಿಂದ ಅಕ್ಕನನ್ನು ಎತ್ತಿಕೊಂಡು ಮೇಲೆ ತಂದು ಮಲಗಿಸಿದೆವು. ಏಳೆಂಟು ತಿಂಗಳು ಅವರು ನೆಲ ನೋಡಲಿಲ್ಲ.

ಮಹಾರಾಜರು ಬರುವ ಸುದ್ದಿ ಬಂದ ದಿನ ಅವರ ಮಗ ಭೂಪಾಲ ತಾಯಿಯ ಮಂಚದ ಹತ್ತಿರ ನಿಂತು ಹೇಳಿದ: "ಅವ್ವಾ, ನೀ ಚಿಂತಿ ಮಾಡಬ್ಯಾಡ ಬೇ. ಕಾಕು ನಿಲ್ಲತಾಳ ನಿನ್ನ ಜಾಗಾದಾಗ."

ಕಾಕು ಎಂದರೆ ಚಿಕ್ಕಮ್ಮ, ನಾನು. ಅಕ್ಕ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ. "ಆಕಿ ನಿಲ್ಲಲಿ. ಆಕೀ ಜಾಗಾದಾಗ ನಿಲ್ಲಲಿ. ನನ್ನ ಜಾಗಾದಾಗ ಯಾಕ? ನಾ ಇನ್ನೂ ಇದ್ದೇನಲಾ."

ಆಮೇಲೆ ಮಗನ ಕಡೆ ತಿರುಗಿ, "ಇನ್ನೊಬ್ಬ ಮಹಾರಾಜರು ಈ ಊರಿಗೆ ಯಾವಾಗ ಬರತಾರೋ. ಅಲ್ಲೀತನಾ ನಾ ಇರೂದಿಲ್ಲ. ಒಂದು ತುತ್ತು, ನನ್ನ ಕೈಲೆ. ಅಷ್ಟ," ಅಂದರು.

ಅವತ್ತು ನಾನು ಟ್ಯಾಬಿನ ಮುಂದೆ ಕೂತು ಹುಡುಕಿದೆ. ಹೋಮ್ ಲಿಫ್ಟ್, ಪ್ಲ್ಯಾಟ್‌ಫಾರ್ಮ್ ಲಿಫ್ಟ್, ಸ್ಟೆಪ್-ಫ್ರೀ ಆ್ಯಕ್ಸೆಸ್ ಫಾರ್ ಓಲ್ಡರ್ ಹೋಮ್ಸ್. ಚಿತ್ರಗಳಲ್ಲೆಲ್ಲ ಬಿಳಿ ಗೋಡೆಯ ಮನೆಗಳು, ನಗುವ ಮುದುಕಿಯರು. ನಮ್ಮ ಜಂತಿ-ಮಣ್ಣಿನ ಮಾಳಿಗೆಗೆ ಇದೆಲ್ಲ ಆಗುತ್ತದೆಯೇ ಎಂದು ಕೇಳಿ ಬರೆದೆ. ವಾರದೊಳಗೆ ಕಂಪನಿಯ ಪರವಾಗಿ ಅಲ್ತಾಫ ಬಂದ. ಮೂವತ್ತೈದು ನಲವತ್ತರ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. ಗೋಡೆ ಬಡಿದು ನೋಡಿದ, ಜಂತಿ ಬಡಿದು ನೋಡಿದ.

"ಆಗತೇತ್ರಿ ಮೇಡಮ್ಮಾರ. ಭಾರ ಎಲ್ಲಾ ನೆಲದ ಮ್ಯಾಲ ಬೀಳತೇತಿ, ಗ್ವಾಡಿಗಿ ತ್ರಾಸಿಲ್ಲ. ಕೆಳಗ ಫರಸಿ ತಗದು ಒಂದೀಟು ಗುಂಡಿ ತೋಡಬೇಕು, ಮ್ಯಾಲ ಎರಡು ಜಂತಿ ಕೊಯ್ಯಬೇಕು."

ಮೇಲಿನಿಂದ ಅಕ್ಕನ ಧ್ವನಿ ಬಂತು. ಕಿವಿ ಆ ವಯಸ್ಸಿನಲ್ಲೂ ಶಾರ್ಪ್. "ಗುಂಡಿ ತೋಡೂದಿಲ್ಲಪಾ. ಮಳಿಗಾಲದಾಗ ನೆಲಾ ಕೆದರಿದರ ಎಷ್ಟು ಜೀವ ಹೋಗತಾವು. ಅವನ್ನ ಕೊಂದು ಕೆಳಗ ಇಳದು, ಆ ಕೈಲೆ ಮಹಾರಾಜರಿಗಿ ಏನು ಕೊಡಲಿ?"

ಅಲ್ತಾಫ ಮೆಟ್ಟಿಲೇರಿ ಹೋಗಿ ಬಾಗಿಲಾಚೆಯೇ ನಿಂತ. "ಅಮ್ಮಾರ, ಗುಂಡಿ ಬ್ಯಾಡಾದ್ರ ಬ್ಯಾಡ. ಫರಸಿ ಮ್ಯಾಲನ ಕುಂದ್ರಸತೇನಿ. ಮುಂದ ಸಣ್ಣ ಇಳಿಜಾರ ಬರತೇತಿ, ನಡಿಯಾಕ ಬರತೇತಲ್ರಿ?"

"ಬರತೇತಿ. ಜಂತಿ ಒಂದ ಕೊಯ್ಯಿ. ಆ ಬಾಜೂದ್ದು ಮುಟ್ಟಬ್ಯಾಡ."

ಆ ಬಾಜೂ ಜಂತಿಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಬಳೆ ಇತ್ತು. ಈ ಮನೆಯ ಕೂಸುಗಳೆಲ್ಲ ಅದರ ಕೆಳಗೇ ಮಲಗಿದ್ದವು, ನನ್ನ ಎರಡೂ ಸೇರಿ. ಅಲ್ತಾಫ ಟೇಪು ಹಿಡಿದು ಮತ್ತೆ ಅಳೆದ. "ಒಂದ ಜಂತಿ ಅಂದ್ರ ಸಣ್ಣದಾಗತೇತ್ರಿ. ಒಂದು ಕುರ್ಚಿ ಅಷ್ಟ ಹಿಡೀತೇತಿ. ಬಾಜೂಕ ಇನ್ನೊಬ್ರು ನಿಲ್ಲಾಕ ಬರೂದಿಲ್ಲ."

"ನಾ ಒಬ್ಬಾಕೀನ ಅಲಾ ಇಳಿಯಾಕಿ," ಅಂದರು ಅಕ್ಕ.

ಕೆಲಸ ಆಷಾಢದಲ್ಲಿ ಶುರುವಾಯಿತು. ಅತ್ತ ಮಹಾರಾಜರು ದಿನವೂ ಬಸದಿಯಿಂದ ಹೊರಟು ಯಾವುದೋ ಮನೆಯ ಮುಂದೆ ನಿಲ್ಲುತ್ತಿದ್ದರು, ಇತ್ತ ನಮ್ಮ ಮಾಳಿಗೆಗೆ ಗರಗಸ ಬಿದ್ದಿತ್ತು. ಹಲಗೆ ಎತ್ತಿದ ದಿನ ಜಂತಿಯ ಮೇಲೆ ಹಾಸಿದ ಮಣ್ಣಿನಲ್ಲಿ ಇರುವೆಯ ದೊಡ್ಡ ಗೂಡು ಕಂಡಿತು, ಬಿಳಿ ತತ್ತಿಗಳ ಸಮೇತ. ಅಲ್ತಾಫನ ಕೂಡ ಬಂದಿದ್ದ ಫಿಟ್ಟರ್ ಸಲಿಕೆ ಎತ್ತಿದವನು ಅಕ್ಕನ ಮುಖ ನೋಡಿ ಹಾಗೆಯೇ ಇಳಿಸಿದ.

"ಏನ ಮಾಡೂನ್ರಿ ಅಮ್ಮಾರ?"

"ಅವಕ್ಕೂ ಬ್ಯಾರೆ ಮನಿ ಬೇಕಲಾ. ಸ್ವಲ್ಪ ಟೈಮ್ ಕೊಡ್ರಿ."

ಮೂರು ದಿನ ಕೆಲಸ ನಿಂತಿತು. ಹಿತ್ತಲ ಗೋಡೆಯವರೆಗೆ ಸಕ್ಕರೆಯ ಗೆರೆ ಎಳೆದೆವು. ಭೂಪಾಲ ಅಂಗಡಿಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದನ್ನು ದಾಟುತ್ತ, "ಇರವಿಗೂ ಶಿಫ್ಟಿಂಗ್ ಲೀವ್ ಕೊಟ್ಟೇವಿ ನಾವು," ಎಂದು ಗೊಣಗುತ್ತಿದ್ದ. ಮೂರನೆಯ ದಿನ ಉಳಿದ ಕೆಲವನ್ನು ಅಲ್ತಾಫ ಅಕ್ಕನ ಮೆತ್ತನೆಯ ಕಸಬರಿಗೆಯಿಂದ ಮೊರಕ್ಕೆ ಸರಿಸಿಕೊಂಡು ತಾನೇ ಹಿತ್ತಲಿಗೆ ಒಯ್ದು ಬಿಟ್ಟ. ಅವಸರ ಮಾಡಲಿಲ್ಲ. ಅವತ್ತಿನಿಂದ ಅಕ್ಕ ಅವನನ್ನು ಏನಪಾ ಅನ್ನುವುದು ಬಿಟ್ಟು ಅಲ್ತಾಫಾ ಎಂದು ಕರೆಯತೊಡಗಿದರು.

ಶ್ರಾವಣದ ತುಂಬ ಮಳೆ. ತೆರೆದ ಮಾಳಿಗೆಗೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು, ಹಳೆಯ ಛಾವಣಿ ಸೋರಿ ಅದರ ಮೇಲೆ ನೀರು ನಿಂತು ಹೊಟ್ಟೆಯಂತೆ ಜೋತು ಬೀಳುತ್ತಿತ್ತು. ಬನಹಟ್ಟಿ ರಸ್ತೆ ಕೆಸರಾಗಿ ಲಿಫ್ಟಿನ ಗ್ಲಾಸು ತರುವ ಗಾಡಿ ಎರಡು ದಿನ ತಡವಾಯಿತು. ಅಕ್ಕ ಕಾಲೆಂಡರ್ ನೋಡುತ್ತಿದ್ದರು, ಆದರೆ ಒಮ್ಮೆಯೂ ಯಾವಾಗ ಮುಗಿಯುತ್ತದೆ ಎಂದು ಕೇಳಲಿಲ್ಲ. ಮಹಾರಾಜರು ದೀಪಾವಳಿಯವರೆಗೆ ಇರುತ್ತಾರೆ, ಆಮೇಲೆ ಹೊರಡುತ್ತಾರೆ. ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು.

ಆ ದಿನಗಳಲ್ಲೆಲ್ಲ ಬಾಗಿಲಲ್ಲಿ ನಾನು, ಭೂಪಾಲ, ಅವನ ಹೆಂಡತಿ ತ್ರಿಶಲಾ ನಿಲ್ಲುತ್ತಿದ್ದೆವು. ಮಹಾರಾಜರು ದಾಟಿ ಹೋಗುತ್ತಿದ್ದರು. ಒಳಗೊಳಗೇ ನನಗೆ ರಿಲೀಫ್ ಆಗುತ್ತಿತ್ತು. ಅಕ್ಕ ಮೇಲಿರುವಾಗ ಅವರು ನಮ್ಮಲ್ಲಿ ನಿಂತುಬಿಟ್ಟರೆ ನಾನು ಮೇಲೆ ಹೋಗಿ ಯಾವ ಮುಖದಿಂದ ಹೇಳಲಿ?

ಭಾದ್ರಪದದಲ್ಲಿ ಲಿಫ್ಟ್ ತಯಾರಾಯಿತು. ಬೀದಿ ಬಾಗಿಲಿಗೆ ನೇರ ಎದುರಾಗಿ, ಪಡಸಾಲೆಯ ಕೊನೆಯಲ್ಲಿ, ಗಾಜಿನ ಒಂದು ಉದ್ದ ಪೆಟ್ಟಿಗೆ. ಇಂಗ್ಲಿಷ್ ಮ್ಯಾನ್ಯುಅಲ್ ಓದಿ ಹೇಳುವುದು ನನ್ನ ಡ್ಯೂಟಿ. ಹೋಲ್ಡ್ ದ ಬಟನ್ ಥ್ರೂಔಟ್ ದ ಜರ್ನಿ ಎಂದಿತ್ತು. ಒಮ್ಮೆ ಒತ್ತಿ ಬಿಡುವುದಲ್ಲ, ಇಳಿದು ಮುಗಿಯುವವರೆಗೆ ಬೆರಳು ಬಟನ್ ಮೇಲೇ ಇರಬೇಕು. ಬಿಟ್ಟ ತಕ್ಷಣ ನಿಲ್ಲುತ್ತದೆ. ಅಕ್ಕನಿಗೆ ಮೂರು ಸಲ ಹೇಳಿದೆ. ಮರದ ಕುರ್ಚಿಯನ್ನು ತೊಳೆದು ಒಳಗಿಟ್ಟು ಪ್ರಾಕ್ಟೀಸ್ ಮಾಡಿಸಿದೆ. ಅಕ್ಕ ಬೆರಳೊತ್ತಿ ನಿಧಾನ ಇಳಿದು ಬಂದರು, ಏಳೆಂಟು ತಿಂಗಳ ನಂತರ ಫರಸಿಯ ಮೇಲೆ ಕಾಲಿಟ್ಟರು. "ಭಾಳ ತಂಪ ಐತಿ," ಅಂದರು. ಅಷ್ಟೇ. ತ್ರಿಶಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಅಕ್ಕ ಮಡಿಯುಟ್ಟು ಮೇಲೆ ಕಾಯುತ್ತ ಕೂತರು. ಮೊದಲೇ ಬಂದು ಕೆಳಗೆ ಕೂಡುವ ಹಾಗಿರಲಿಲ್ಲ. ಹೃದಯಕ್ಕೆಂದು ಡಾಕ್ಟರು ಕೊಟ್ಟ ಗುಳಿಗೆ ಗಂಟೆಗೆರಡು ಸಲ ಬಾತ್‌ರೂಮಿಗೆ ಎಬ್ಬಿಸುತ್ತಿತ್ತು. ಹೋಗಿ ಬಂದರೆ ಮತ್ತೆ ಸ್ನಾನ, ಮತ್ತೆ ಮಡಿ. ಆದ್ದರಿಂದ ಮಹಾರಾಜರು ಹೊರಟರೆಂದು ಬಸದಿಯ ಗಂಟೆ ಕೇಳಿಸಿದ ಮೇಲೆಯೇ ಇಳಿಯುವುದೆಂದು ಮಾತಾಗಿತ್ತು. ಬಸದಿಯಿಂದ ನಮ್ಮ ಓಣಿಗೆ ಐದು ನಿಮಿಷ. ಲಿಫ್ಟ್ ಇಳಿಯಲು ಒಂದು ನಿಮಿಷವೂ ಬೇಡ. ಪ್ಲೆಂಟಿ ಆಫ್ ಟೈಮ್, ಅಂದಿದ್ದೆ ನಾನು.

ಬಸದಿಯ ಗಂಟೆ ಕೇಳಿಸಿತು. ಬಾತ್‌ರೂಮಿನಿಂದ ಆಗಷ್ಟೇ ಬಂದಿದ್ದ ಅಕ್ಕ ಎರಡನೆಯ ಸಲ ಮಡಿಯುಟ್ಟು ಕುರ್ಚಿಯಲ್ಲಿ ಕೂಡುವಷ್ಟರಲ್ಲಿ ಮೂರು ನಿಮಿಷ ಹೋದವು. ಮಡಿಲಲ್ಲಿ ಕಲಶ, ತೆಂಗಿನಕಾಯಿ. ಬಲಗೈ ಬಟನ್ ಮೇಲೆ. ಪೆಟ್ಟಿಗೆ ಕದಲಿತು. ನಾನು ಬಾಗಿಲಲ್ಲಿ ನಿಂತು ಒಂದು ಕಣ್ಣು ಬೀದಿಗೆ, ಒಂದು ಕಣ್ಣು ಹಿಂದಕ್ಕೆ. ಅಷ್ಟರಲ್ಲಿ ಓಣಿಯ ತಿರುವಿನ ಮನೆಯವರು ಕೂಗಿದ್ದು ಕೇಳಿಸಿತು: ನಮೋಸ್ತು, ನಮೋಸ್ತು, ನಮೋಸ್ತು.

ಅಕ್ಕನ ಎರಡೂ ಕೈಗಳು ಜೋಡಿದವು.

ಲಿಫ್ಟ್ ನಿಂತಿತು. ಮಾಳಿಗೆಗೂ ಅಲ್ಲ ನೆಲಕ್ಕೂ ಅಲ್ಲ, ನಟ್ಟ ನಡುವೆ. ಅಕ್ಕನ ಪಾದಗಳು ನಮ್ಮ ತಲೆಯ ಮಟ್ಟದಲ್ಲಿದ್ದವು.

"ಅವ್ವಾ, ಬಟನ್ ಒತ್ತ ಬೇ!" ಭೂಪಾಲ ಪಿಸುಗುಟ್ಟಿದ. ಆಮೇಲೆ ಜೋರಾಗಿಯೇ, "ಒತ್ತ ಬೇ!"

ಅಕ್ಕ ಒತ್ತಲಿಲ್ಲ. ಆ ಹೊತ್ತಿಗೆ ಮಹಾರಾಜರು ನಮ್ಮ ಬಾಗಿಲ ಎದುರಿಗೆ ಬಂದಾಗಿತ್ತು. ಕಣ್ಣೆದುರು ಮುನಿ ಇರುವಾಗ ಜೋಡಿಸಿದ ಕೈ ಬಿಚ್ಚಿ ಒಂದು ಮಶೀನಿನ ಗುಂಡಿ ಒತ್ತುವುದು ಅವರಿಂದ ಆಗಲಿಲ್ಲ. ನಾವು ಮೂವರೂ ಅತ್ರ ತಿಷ್ಠ ತಿಷ್ಠ ಎಂದು ಕರೆಯುತ್ತಿದ್ದೆವು, ಇಲ್ಲಿ ನಿಲ್ಲಿರಿ, ನಿಲ್ಲಿರಿ ಎಂದು. ಮಹಾರಾಜರ ಹೆಜ್ಜೆ ನಿಧಾನವಾಯಿತು. ದೃಷ್ಟಿ ನಮ್ಮನ್ನು ದಾಟಿ ಒಳಗೆ, ಮೇಲಕ್ಕೆ ಹೋದಂತೆ ನನಗೆ ಅನಿಸಿತು. ಆಮೇಲೆ ಮುಂದೆ ನಡೆದರು. ನಾಲ್ಕು ಮನೆ ಆಚೆ ನಿಂತರು.

ಅವರು ಒಳಗೆ ಹೋದ ಮೇಲೆಯೇ ಅಕ್ಕ ಕೈ ಬಿಚ್ಚಿ ಬಟನ್ ಒತ್ತಿದ್ದು. ಇಳಿದು ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಎಷ್ಟೆಲ್ಲ ಪ್ರಾಕ್ಟೀಸ್ ಮಾಡಿಸಿದವಳು ನಾನು, ಒಂದು ಸಲವೂ ಕಲಶ ಕೊಟ್ಟು, ಕೈ ಮುಗಿಸಿ ಮಾಡಿಸಿರಲಿಲ್ಲ. ಈ ಮನೆಯಲ್ಲಿ ಐವತ್ತು ವರ್ಷ ಕಳೆದೂ ಆ ಕೈಗಳು ಆ ಕ್ಷಣದಲ್ಲಿ ಏನು ಮಾಡುತ್ತವೆ ಎಂದು ನನಗೆ ಹೊಳೆಯಲಿಲ್ಲ.

ಭೂಪಾಲ ಅಲ್ತಾಫನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲಿಟ್ಟ. "ಒಮ್ಮೆ ಒತ್ತಿದ್ರ ಸೀದಾ ಕೆಳಗ ಬರೂಹಂಗ ಮಾಡೋ ಮಾರಾಯಾ!"

"ಬರೂದಿಲ್ರಿ ಸಾವಕಾರ. ಕೈ ಬಿಟ್ಟ ಕೂಡಲೆ ನಿಲ್ಲಬೇಕು, ಅದ ಸೇಫ್ಟಿ. ಅದನ್ನ ತಗದ್ರ ನಾಳೆ ಅಮ್ಮಾರ ಕಾಲ ಸಿಕ್ಕೊಂಡೀತು. ನಾ ಮಾಡಾಂವಲ್ಲ." ಮತ್ತೆ ತಾನೇ, "ಕೆಳಗ ಬಾಗಲ ಬಾಜೂಕೂ ಒಂದು ಬಟನ್ ಐತಲ್ರಿ. ಅದನ್ನ ಯಾರರ ಹಿಡದು ನಿಂತ್ರೂ ಇಳೀತೇತಿ," ಅಂದ.

ಮರುದಿನ ಅಂಗಡಿಯ ಹಮಾಲ ಯಲ್ಲಪ್ಪನನ್ನು ಕೆಳಗಿನ ಬಟನ್ನಿಗೆ ನಿಲ್ಲಿಸಿದೆವು. ಯಲ್ಲಪ್ಪ ಜೈನನಲ್ಲ, ಅವನಿಗೇನು ಎಂದು ಭೂಪಾಲನ ವಾದ. ಮಹಾರಾಜರು ಕಂಡದ್ದೇ ತಡ, ಯಲ್ಲಪ್ಪನೂ ಬಟನ್ ಬಿಟ್ಟು ಕೈ ಮುಗಿದ. ಅಕ್ಕ ಮತ್ತೆ ನಡುವೆ. ಮಹಾರಾಜರು ದಾಟಿ ಹೋದರು.

"ಏ ಯಲ್ಲ್ಯಾ, ಏನ ಮಾಡಿದಲೇ!"

"ಏನ ಮಾಡ್ಲಿರಿ ಧಣ್ಯಾರ, ಕೈ ತಾವಾ ಹ್ವಾದು," ಅಂದ ಅವನು, ತನ್ನ ಎರಡು ಕೈಗಳನ್ನೂ ಬೇರೆಯವರ ಕೈಗಳೆಂಬಂತೆ ನೋಡಿಕೊಳ್ಳುತ್ತ.

ಅವತ್ತು ಮಧ್ಯಾಹ್ನ ನಾನು ಅಕ್ಕನ ಮಂಚದ ಮೇಲೆ ಕೂತು ಹೇಳಿದೆ: "ನಾಳೆಯಿಂದ ಕೆಳಗಿನ ಬಟನ್ ನಾ ಹಿಡೀತೇನ್ರಿ ಅಕ್ಕಾ."

"ಮಡಿ ಹೋಗತೇತಲಾ." ಆ ಬಟನ್ ಅಂಗಡಿಯ ಬಾಗಿಲ ಪಕ್ಕ, ಹೋಗಿ ಬರುವವರೆಲ್ಲ ಮುಟ್ಟುವ ಗೋಡೆಯಲ್ಲಿತ್ತು. ಅದನ್ನು ಹಿಡಿದು ನಿಂತವರು ಮಡಿ ಅಡುಗೆಮನೆಗೆ ಬರುವಂತಿಲ್ಲ, ಆಹಾರ ಕೊಡುವಂತಿಲ್ಲ.

"ಹೋಗಲಿ ಬಿಡ್ರಿ."

"ಕೈ ಮುಗೀಲಾರದ ನಿಲ್ಲತೀ ಏನ? ಆಗತೇತೇನ ನಿನಗ?"

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಕಾನ್ವೆಂಟಿನ ಚ್ಯಾಪೆಲ್ಲಿನಲ್ಲಿ ದಿನಾ ಬೆಳಿಗ್ಗೆ ಎಲ್ಲ ಹುಡುಗಿಯರೂ ಕೈ ಜೋಡಿಸುವಾಗ ನಾನು ಮಾತ್ರ ಕೈ ಇಳಿಬಿಟ್ಟು ನಿಲ್ಲುತ್ತಿದ್ದೆ. ಹಾಗೆ ನಿಲ್ಲು ಎಂದು ನಮ್ಮ ಅಜ್ಜಿ ಹೇಳಿ ಕಳಿಸಿದ್ದಳು. ಸಿಸ್ಟರುಗಳು ಬೈಯಲಿಲ್ಲ, ಆದರೆ ಸುತ್ತ ನೂರು ಜೋಡಿ ಕೈ ಮೇಲೇಳುವಾಗ ಎರಡು ಕೈಗಳನ್ನು ಕೆಳಗೆ ಹಿಡಿದುಕೊಳ್ಳುವುದು ಏನೆಂದು ಹತ್ತು ವರ್ಷ ಕಲಿತೆ. ಇಟ್ ಈಸ್ ನಾಟ್ ಈಸಿ. ಕಲಿತರೆ ಬರುತ್ತದೆ.

ಮರುದಿನದಿಂದ ನಾನು ಬಾಗಿಲಿನಿಂದ ಹಿಂದೆ ಸರಿದೆ. ಗಂಟೆ ಕೇಳಿದೊಡನೆ ಹೆಬ್ಬೆರಳು ಬಟನ್ ಮೇಲೆ. ಅಕ್ಕ ಕೈ ಜೋಡಿಸಿಕೊಂಡೇ ಇಳಿದು ಬರುತ್ತಿದ್ದರು. ಕೆಳಗೆ ತ್ರಿಶಲಾ ಕೈ ಕೊಟ್ಟು ಎಬ್ಬಿಸುತ್ತಿದ್ದಳು. ಹತ್ತು ಹೆಜ್ಜೆ, ಬಾಗಿಲು. ಕಲಶ ಅವರ ಕೈಗೆ. ನಾನು ಗೋಡೆಯ ಹತ್ತಿರ ಉಳಿಯುತ್ತಿದ್ದೆ. ಅವರ ಬೆನ್ನು, ಬಾಗಿದ ಕುತ್ತಿಗೆ, ಬಿಳಿ ಸೀರೆಯ ಸೆರಗು ಇಷ್ಟೇ ನನಗೆ ಕಾಣುತ್ತಿದ್ದುದು. ಮಹಾರಾಜರು ಬರುವರು, ಹೋಗುವರು. ಒಂದು ವಾರವಾಯಿತು, ಎರಡು ವಾರವಾಯಿತು. ದಸರೆ ಮುಗಿಯಿತು. ಮಳೆ ನಿಂತು ಬಿಸಿಲು ಬಿತ್ತು. ಅಕ್ಕನ ಕಾಲು ಬಾಯತೊಡಗಿತು, ಹತ್ತು ಹೆಜ್ಜೆಗೇ ಉಬ್ಬಸ ಬರುತ್ತಿತ್ತು. ಡಾಕ್ಟರು ಸಾಕು ಎಂದರು. "ದೀಪಾವಳಿತನಾ," ಅಂದರು ಅಕ್ಕ.

ದೀಪಾವಳಿಗೆ ಆರು ದಿನ ಉಳಿದಾಗ ಮಹಾರಾಜರು ನಮ್ಮ ಬಾಗಿಲಲ್ಲಿ ನಿಂತರು.

ನಾನು ನೋಡಲಿಲ್ಲ, ಕೇಳಿಸಿಕೊಂಡೆ. ಓಣಿಯ ಗದ್ದಲ ಒಮ್ಮೆಲೇ ನಿಂತಿತು. ಭೂಪಾಲ, ತ್ರಿಶಲಾ ಮಹಾರಾಜರ ಸುತ್ತ ಮೂರು ಸುತ್ತು ಬರುವ ಹೆಜ್ಜೆ ಸಪ್ಪಳ. ಆಮೇಲೆ ಅಕ್ಕನ ಧ್ವನಿ, ಒಡೆದಿತ್ತು, ಆದರೆ ಒಂದು ಶಬ್ದವೂ ತಪ್ಪಲಿಲ್ಲ: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಇದೆ ಮಹಾರಾಜ. ಎಲ್ಲರೂ ಪಡಸಾಲೆ ದಾಟಿ ನನ್ನೆದುರೇ ಒಳಗೆ ಹೋದರು. ಮಹಾರಾಜರು ಒಂದು ಮಾರು ದೂರದಲ್ಲಿ ಹಾದು ಹೋದರು. ಬಟನ್ನಿನಿಂದ ಬೆರಳು ತೆಗೆಯಬಹುದಿತ್ತು, ಅಕ್ಕ ಇಳಿದಾಗಿತ್ತಲ್ಲ. ಮರೆತೇಬಿಟ್ಟೆ. ಅವರು ದಾಟಿ ಹೋದ ಮೇಲೆ ನೋಡಿಕೊಂಡೆ, ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದೆ.

ಅಡುಗೆಮನೆಯಿಂದ ಮಾತಿರಲಿಲ್ಲ. ಆಹಾರ ನಡೆದಿರುವಾಗ ಯಾರೂ ಮಾತಾಡುವುದಿಲ್ಲ. ನೀರು ಬೊಗಸೆಗೆ ಬೀಳುವ ಸದ್ದು, ಪಾತ್ರೆಯೊಂದನ್ನು ಮೆಲ್ಲನೆ ಇಟ್ಟ ಸದ್ದು. ಎಲ್ಲ ತುತ್ತುಗಳಲ್ಲಿ ಯಾವುದು ಅಕ್ಕನದೆಂದು ತಿಳಿಯಲು ಕಿವಿಗೊಟ್ಟು ನಿಂತೆ. ತಿಳಿಯಲಿಲ್ಲ. ಆಮೇಲೆ ತ್ರಿಶಲಾ ಹೇಳಿದಳು: ಅಕ್ಕ ಅವಳ ತೋಳಿಗೆ ಒರಗಿ ನಿಂತೇ ಹಾಲು ಅನ್ನ ಕೊಟ್ಟರಂತೆ, ಐದು ತುತ್ತು.

ಮಹಾರಾಜರನ್ನು ಬೀದಿಯವರೆಗೆ ಕಳಿಸಿ ಬಂದ ಮೇಲೆ ಅಕ್ಕನನ್ನು ಕುರ್ಚಿಯಲ್ಲಿ ಕೂಡಿಸಿದರು. ಅವರ ಕೈ ಇನ್ನೂ ಹಸಿಯಾಗಿತ್ತು. ಮುಖದಲ್ಲಿ ನಗುವೇನೂ ಇರಲಿಲ್ಲ, ದೂರದ ಊರಿಗೆ ನಡೆದು ಮುಟ್ಟಿದವರ ದಣಿವಿತ್ತು. ಭೂಪಾಲ ಗಾಜಿನ ಬಾಗಿಲು ಹಾಕಿದ. ಮೇಲೆ ಕಳಿಸಲೆಂದು ನಾನು ಎಂದಿನಂತೆ ಪಕ್ಕದ ಏರುವ ಬಟನ್ನಿಗೆ ಹೆಬ್ಬೆರಳು ಹಚ್ಚಿದೆ.

ಅಕ್ಕ ಒಳಗಿನಿಂದ ಗಾಜು ಬಡಿದರು.

"ಕೈ ತಗಿ," ಅಂದರು. "ನಾ ಒತ್ತತೇನಿ. ನಿನ್ನ ಕೈ ಇಷ್ಟ ದಿವಸ ಖಾಲಿ ಆಗಿಲ್ಲ. ಈಗ ಕೈ ಮುಗಿ."

ಯಾರಿಗೆ ಎಂದು ನಾನು ಕೇಳಲಿಲ್ಲ. ಕೈ ತೆಗೆದೆ. ಅಕ್ಕ ಹಸಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಟನ್ ಒತ್ತಿದರು, ಮೇಲೆ ಮುಟ್ಟುವವರೆಗೂ ಬಿಡಲಿಲ್ಲ. ಅವರ ಮುಖ ಮೇಲಕ್ಕೆ ಹೋಯಿತು, ಮಡಿಲು ಹೋಯಿತು, ಬಾತ ಎರಡು ಪಾದಗಳು ನನ್ನ ಕಣ್ಣಿನ ಮಟ್ಟಕ್ಕೆ ಬಂದವು. ನಾನು ಕೆಳಗೆ ಎರಡೂ ಕೈ ಜೋಡಿಸಿ ನಿಂತಿದ್ದೆ.